ಹತ್ತರಿ ಹೊಡೆಯದ ಹಲಗೆ

ಸ್ಕಾರ್‌ಬೆಕ್ ಕಣಿವೆಯ ಲ್ಯಾಂಟಿ ಏರಿ ಎಂಬ ಬಡಗಿ ಮಾಡಿದ ಓಕ್ ಮರದ ಸಂದೂಕಗಳು ಎಷ್ಟು ಹಳೆಯವೆಂದರೆ, ಅವುಗಳಲ್ಲಿ ಮೂರು, ಭೂಮಿಯ ಮೇಲೆ ಮೊದಲ ಓಕ್ ಗಿಡ ಮೊಳೆಯುವುದಕ್ಕಿಂತ ಮೊದಲೇ ತಯಾರಾಗಿದ್ದವು. ನಾಲ್ಕನೆಯದರಲ್ಲಿ ನೋಹ ತನ್ನ ಚಳಿಗಾಲದ ಕಾಲುಚೀಲಗಳನ್ನು ಇಟ್ಟುಕೊಂಡಿದ್ದ. ಐದನೆಯದು ಇನ್ನೂ ಕೆಲಸದ ಮೇಜಿನ ಮೇಲಿತ್ತು. ಬರುವ ಮಂಗಳವಾರಕ್ಕೆ ಅದಕ್ಕೆ ಮುನ್ನೂರು ವರ್ಷ ತುಂಬುವುದಿತ್ತು. ಮಳೆ ಹಿಡಿದು ಬಣ್ಣ ಒಣಗದಿದ್ದರೆ ಬುಧವಾರ.

ಈ ಲೆಕ್ಕವೆಲ್ಲ ಲ್ಯಾಂಟಿಯ ಬಾಯಿಂದಲೇ ಬಂದದ್ದು. ವೆಸ್ಟ್‌ಮೋರ್‌ಲೆಂಡ್ ಸೀಮೆಯಲ್ಲೇ ಅವನ ಬಾಯಿ ದೊಡ್ಡದು. ಒಮ್ಮೆ ಆಕಳಿಸಿದಾಗ ಎರಡು ಕಾಗೆಗಳು ಒಳಗೆ ಇಣುಕಿ, ಗೂಡು ಕಟ್ಟಲು ಜಾಗ ಸಾಕೆಂದು ಮಾತಾಡಿಕೊಂಡು ಹೋದವಂತೆ. ಹುಡುಗನಾಗಿದ್ದಾಗ ಇಗರ್ಜಿಯ ಹಿಂಬದಿಯ ಅಟ್ಟದಲ್ಲಿ ಹಾಡುಗಾರರ ನಡುವೆ ನಿಂತು ಅವನು ದನಿ ಎತ್ತಿದರೆ ಗೋಪುರದ ಗಂಟೆ ತಾನಾಗಿಯೇ ಬಾರಿಸುತ್ತಿತ್ತಂತೆ, ಪಕ್ಕದ ಕಣಿವೆಯ ಕುರಿಗಳು ಮುಂಗಾಲು ಮಡಿಸಿ ಕೂರುತ್ತಿದ್ದವಂತೆ. ದೊಡ್ಡವನಾದ ಮೇಲೆ ಒಬ್ಬ ಡ್ಯೂಕನ ಮಂಚಕ್ಕೆ ಅವನು ಕೆತ್ತಿಕೊಟ್ಟ ದ್ರಾಕ್ಷಿಗೊಂಚಲು ಎಷ್ಟು ಜೀವಂತವಾಗಿತ್ತೆಂದರೆ, ಡ್ಯೂಕ ಬೆಳಿಗ್ಗೆ ಎದ್ದವನೇ ಒಂದು ಹಣ್ಣಿಗೆ ಬಾಯಿ ಹಾಕಿ ಎರಡು ಹಲ್ಲು ಮುರಿದುಕೊಂಡನಂತೆ. ಆ ಕೆಲಸ ಮಾಡಿದ ಹನ್ನೆರಡು ಕೆತ್ತನೆಯ ಉಳಿಗಳು ಈಗಲೂ ಅವನ ಕೆಲಸದ ಕೊಟ್ಟಿಗೆಯ ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು, ನಿನ್ನೆ ಅಂಗಡಿಯಿಂದ ಬಂದವುಗಳಂತೆ ಹೊಳೆಯುತ್ತ.

ಅಷ್ಟು ದೊಡ್ಡ ಕೆತ್ತನೆಗಾರ ಯಾವಾಗಲೂ ಹಳೆ ಹಲಗೆಗಳನ್ನೇ ಯಾಕೆ ಜೋಡಿಸುತ್ತಾನೆ ಎಂದು ಯಾರಾದರೂ ಕೇಳಿದರೆ ಲ್ಯಾಂಟಿ ನಿಟ್ಟುಸಿರುಬಿಡುತ್ತಿದ್ದ. "ನಾನೂ ಹೊಸದಾಗಿ ಕೆತ್ತೋಕೆ ಕೂತ್ರೆ, ಉಳಿದ ಬಡಗಿಗಳು ಹೊಟ್ಟೆಗೇನ್ ಮಾಡ್ಬೇಕು, ಪಾಪ?"

ಜೋಡಿಸುವುದರಲ್ಲಂತೂ ಅವನನ್ನು ಮೀರಿಸುವವರು ಇರಲಿಲ್ಲ, ಇದು ಉತ್ಪ್ರೇಕ್ಷೆಯಲ್ಲ. ಬಿದ್ದ ಮನೆಯ ರೊಟ್ಟಿ ಕಪಾಟಿನ ಬಾಗಿಲು, ಸತ್ತವರ ಮಂಚದ ತಲೆಹಲಗೆ, ಎಲ್ಲಕ್ಕಿಂತ ಹೆಚ್ಚಾಗಿ ಇಗರ್ಜಿಯ ಹಳೆಯ ಆಸನಗಳು. ಹಿಂದೆ ಸ್ಕಾರ್‌ಬೆಕ್ ಇಗರ್ಜಿಯಲ್ಲಿ ಮನೆತನಕ್ಕೊಂದರಂತೆ ಎದೆಮಟ್ಟ ಹಲಗೆ ಕಟ್ಟಿ ಬಾಗಿಲಿಟ್ಟ ಆಸನಗಳಿದ್ದವು. ಕುರಿ ಸಾಕುವ ಜನ ಅವನ್ನು ದೊಡ್ಡಿಗಳೆಂದೇ ಕರೆಯುತ್ತಿದ್ದರು. ಹೊರಮೈಯಲ್ಲಿ ಬಳ್ಳಿ, ಹಕ್ಕಿ, ಹೂವುಗಳ ಕೆತ್ತನೆ; ಒಳಮೈಯಲ್ಲಿ ಉದ್ದನೆಯ ಉಪದೇಶ ಸಹಿಸಲಾರದ ಮಕ್ಕಳು ಕೊರೆದ ಗೀಚು. ಮೂವತ್ತಾರು ವರ್ಷದ ಹಿಂದೆ ಹೊಸ ಪಾದ್ರಿಯೊಬ್ಬರು ಬಂದು, ದೇವರ ಮನೆಯಲ್ಲಿ ದೊಡ್ಡಿ ಯಾಕೆ ಎಂದು ಎಲ್ಲವನ್ನೂ ಕೀಳಿಸಿ, ನುಣ್ಣಗಿನ ಪೈನ್ ಬೆಂಚು ಹಾಕಿಸಿದರು. ಕಿತ್ತ ಓಕ್ ಹಲಗೆಗಳನ್ನು ಒಲೆಗಾದರೂ ಹಾಕಿಕೊಳ್ಳಿ ಎಂದು ಹೊರಗೆ ರಾಶಿ ಹಾಕಿಸಿದರು. ಲ್ಯಾಂಟಿ ಗಾಡಿ ತಂದ. ಅಂದಿನಿಂದ ಕಣಿವೆಯ ಹಿರಿಯರ ಬೆನ್ನು ಒರಗಿದ ಹಲಗೆಗಳು ಮೂರು ಮೂರಾಗಿ, ನಾಲ್ಕು ನಾಲ್ಕಾಗಿ ಸಂದೂಕಗಳಾಗಿ ಮ್ಯಾಂಚೆಸ್ಟರಿನ ಶ್ರೀಮಂತರ ಮನೆ ಸೇರುತ್ತಿದ್ದವು. ಕೆತ್ತನೆಯ ಮೈ ಹೊರಗೆ, ಗೀಚಿನ ಮೈ ಒಳಗೆ. ಒಳಗಿನ ಗೀಚನ್ನು ಲ್ಯಾಂಟಿ ಹತ್ತರಿ ಹೊಡೆದು ನುಣುಪು ಮಾಡಿ, ಮಸಿ, ಹುಳಿ ಬಿಯರು, ಚಹಾದ ಚರಟ ಕಲಸಿ ಬಳಿದುಬಿಡುತ್ತಿದ್ದ. ನೋಹನ ಕಾಲದ ಪೆಟ್ಟಿಗೆಯೊಳಗೆ 'ಜೋ ಒಬ್ಬ ಕತ್ತೆ' ಎಂದು ಬರೆದಿದ್ದರೆ ಕೊಳ್ಳುವವರು ಏನೆಂದುಕೊಂಡಾರು?

ಆ ಗುರುವಾರ ಬೆಳಿಗ್ಗೆ ಲ್ಯಾಂಟಿ ಬಿಯರು ಮಸಿ ಕಲಸುತ್ತಿದ್ದಾಗ ಡೈನಾ ಫಾದರ್ಗಿಲ್ ಕಾಲು ಮುರಿದ ಮುಕ್ಕಾಲಿಯೊಂದನ್ನು ತೋಳಿಗೆ ಸಿಕ್ಕಿಸಿಕೊಂಡು ಬಂದಳು. ಎರಡೂ ಕೈಗಳಲ್ಲಿ ಹೆಣಿಗೆ. ಸ್ಕಾರ್‌ಬೆಕ್‌ನ ಹೆಂಗಸರು ನಡೆಯುತ್ತ ಹೆಣೆಯುತ್ತಾರೆ, ಜಗಳವಾಡುತ್ತ ಹೆಣೆಯುತ್ತಾರೆ. ಅದಕ್ಕೆಂದೇ ಬಲಸೊಂಟದ ಪಟ್ಟಿಗೆ ಒಂದು ಹೆಣಿಗೆಗೋಲು ಸಿಕ್ಕಿಸಿಕೊಂಡಿರುತ್ತಾರೆ. ಗೇಣುದ್ದದ ಮರದ ಕೋಲು, ಅದರ ತಲೆಯಲ್ಲಿ ಹೆಣಿಗೆಕಡ್ಡಿಯ ಬುಡ ಕೂರುವಷ್ಟು ತೂತು. ಈ ಕೋಲನ್ನು ಯಾವ ಹೆಂಗಸೂ ತಾನೇ ಮಾಡಿಕೊಳ್ಳುವುದಿಲ್ಲ. ಅವಳನ್ನು ಬಯಸಿದ ಗಂಡಸು ತನ್ನ ಕೈಯಾರೆ ಕೆತ್ತಿಕೊಡಬೇಕು. ಅವಳು ಅದನ್ನು ಸಿಕ್ಕಿಸಿಕೊಂಡು ಭಾನುವಾರ ಇಗರ್ಜಿಗೆ ಬಂದರೆ ಒಪ್ಪಿದಂತೆ. ಡೈನಾಳ ಸೊಂಟದಲ್ಲಿದ್ದದ್ದು ಆರು ವರ್ಷದ ಹಿಂದೆ ತೀರಿಕೊಂಡ ಗಂಡ ಫಾದರ್ಗಿಲ್ ಕೆತ್ತಿದ ಕೋಲು. ಅವನು ಒಳ್ಳೆಯ ಮನುಷ್ಯ. ವರ್ಷಕ್ಕೆರಡು ಮಾತಾಡುತ್ತಿದ್ದ, ಎರಡೂ ಕುರಿಯ ವಿಷಯ.

ಅವನು ಸತ್ತ ಮೇಲಿನ ಆರು ವರ್ಷಗಳಲ್ಲಿ ಲ್ಯಾಂಟಿ ಡೈನಾಳನ್ನು ಹತ್ತೊಂಬತ್ತು ಸಲ ಮದುವೆಗೆ ಕೇಳಿದ್ದ. ಹಾಗೆಂದು ಅವನು ಹೇಳುತ್ತಾನೆ.

"ಈ ಮುಕ್ಕಾಲಿ ನಿಂತ್ಕೊಂಡ್ರೆ ಸಾಕು, ಇದಕ್ಕೆ ಇತಿಹಾಸ ಕಟ್ಬೇಡ," ಎಂದಳು ಡೈನಾ.

"ಇತಿಹಾಸ ನಾನ್ ಕಟ್ತೀನಾ? ಈ ಕಾಲು ನೋಡು. ಇದು ಸ್ಕಾಟ್ಲೆಂಡಿನ ರಾಣಿಯೊಬ್ಳು ಕೂತು ಮುರಿದದ್ದು."

"ನಮ್ಮ ಕರು ಒದ್ದು ಮುರಿದದ್ದು. ಮಂಗಳವಾರ."

"ರಾಣಿಯರ ಹಾಗೇ ಒದೆಯೋ ಕರು," ಎಂದ ಲ್ಯಾಂಟಿ, ಒಂದಿಷ್ಟೂ ಸೋಲದೆ.

ಡೈನಾ ನಗಲಿಲ್ಲ. ಒಂದು ಸಾಲು ಮುಗಿಸಿ, ಕಡ್ಡಿ ಬದಲಿಸಿ, ಜೇಬಿನಿಂದ ಹೊಸ ಹೆಣಿಗೆಗೋಲೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮೆರುಗೆಣ್ಣೆ ಹಚ್ಚಿದ್ದು, ನಾಲ್ಕು ಮಗ್ಗುಲಿಗೂ ಗುಲಾಬಿ.

ಲ್ಯಾಂಟಿಯ ಕೈಲಿದ್ದ ಕುಂಚ ನಿಂತಿತು. "ಯಾರು ಕೊಟ್ಟಿದ್ದು?"

"ಸೆಪ್ಟಿಮಸ್ ನೋಬಲ್."

ಸೆಪ್ಟಿಮಸ್ ಇಗರ್ಜಿಯ ಗುಮಾಸ್ತ. ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡಿದವನಲ್ಲ. 'ಶುಭೋದಯ' ಎನ್ನುವ ಮೊದಲು ಮೋಡ ನೋಡಿ ಖಾತ್ರಿ ಮಾಡಿಕೊಳ್ಳುವವನು.

"ಅವನು ಕೆತ್ತಿದ್ದಾ?"

"ಇಲ್ಲ. 'ಕೆಂಡಲ್ ಅಂಗಡಿಯಲ್ಲಿ ಕೊಂಡದ್ದು, ನನಗೆ ಕೆತ್ತಲು ಬರುವುದಿಲ್ಲ' ಅಂತ ಹೇಳೇ ಕೊಟ್ಟ. ಆಮೇಲೆ, 'ನಿಮ್ಮ ಓಟ್ ರೊಟ್ಟಿ ಸ್ವಲ್ಪ ಸೀದಿರುತ್ತದೆ, ಆದರೆ ನಿಮ್ಮ ಮನೆಯ ಚಾವಣಿ ಸೋರುವುದಿಲ್ಲ. ಮದುವೆಯಾಗೋಣವೇ?' ಅಂದ."

"ರೊಟ್ಟಿ ಸೀದಿರುತ್ತೆ ಅಂದ್ನಾ! ಅವನ ನಾಲಿಗೆ..."

"ಸೀದೇ ಇರುತ್ತೆ ಕಣೋ. ನೀನು ಅದನ್ನ ತಿಂದು, ಇಂಥದ್ದನ್ನ ರಷ್ಯಾದ ಚಕ್ರವರ್ತಿನೂ ತಿಂದಿಲ್ಲ ಅಂದೆ. ನಿಜ, ಅವನು ತಿಂದಿರಲ್ಲ." ಡೈನಾ ಕೋಲನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. "ಭಾನುವಾರದೊಳಗೆ ಅವನಿಗೆ ಉತ್ತರ ಕೊಡ್ಬೇಕು. ಅರವತ್ತೆರಡು ವರ್ಷ ಆಯ್ತು ನಂಗೆ. ಚಳಿಗಾಲದ ಸಂಜೆ ಎದುರಿಗೆ ಕೂತು ಮಾತಾಡೋಕೆ ಒಬ್ಬ ಮನುಷ್ಯ ಬೇಕು. ಆ ಮಾತಲ್ಲಿ ಯಾವುದನ್ನ ನಂಬ್ಬೇಕು, ಯಾವುದನ್ನ ಬಿಡ್ಬೇಕು ಅಂತ ಪ್ರತಿ ಸಲಾನೂ ಜರಡಿ ಹಿಡಿಯೋಕೆ ನನ್ನ ಕೈಲಾಗಲ್ಲ. ನೀನೊಂದು ಮಾತು ಆಡು, ಲ್ಯಾಂಟಿ. ಬಾಲ ಇಲ್ಲದ್ದು. ಒಂದೇ ಒಂದು. ಆಮೇಲೆ ನೋಡೋಣ."

ಲ್ಯಾಂಟಿ ಬಾಯಿ ತೆರೆದ. ಕಾಗೆಗಳು ಗೂಡು ಕಟ್ಟಲು ನೋಡಿದ್ದ ಬಾಯಿ. ಅದರಿಂದ ಏನೂ ಬರಲಿಲ್ಲ. ಅಷ್ಟರಲ್ಲಿ ಹೊರಗೆ ಕುದುರೆಗಾಡಿ ನಿಂತಿತು, ಅವನಿಗೆ ಜೀವ ಬಂತು.

ಬಂದವರು ಮ್ಯಾಂಚೆಸ್ಟರಿನ ಪಾರ್ಜಿಟರ್ ಎಂಬ ಹಳೆ ಸಾಮಾನಿನ ವ್ಯಾಪಾರಿ. ನಿಂಬೆ ಬಣ್ಣದ ಕೈಗವಸು ತೊಟ್ಟು, ಒಂದು ಭೂತಗನ್ನಡಿ ಹಿಡಿದು, ಏನನ್ನು ಮುಟ್ಟುವಾಗಲೂ 'ಹ್ಞೂಂ' ಎನ್ನುವವರು. ಕಳೆದ ವರ್ಷ ಅವರಿಗೆ ಕೊಟ್ಟ ಸಂದೂಕದಲ್ಲಿ ಲ್ಯಾಂಟಿ ಅವಸರಕ್ಕೆ ಒಂದು ಹಲಗೆಯನ್ನು ತಲೆಕೆಳಗಾಗಿ ಕೂರಿಸಿದ್ದ. ಟುಲಿಪ್ ಹೂಗಳೆಲ್ಲ ಬಾವಲಿಗಳಂತೆ ನೇತಾಡುತ್ತಿದ್ದವು. ಅವರು ಹುಬ್ಬೇರಿಸಿದಾಗ, "ಅದು ವಿಧವೆಯರ ಸಂದೂಕ, ಸಾಹೇಬ್ರೇ. ಶೋಕಕ್ಕೆ ಹೂವು ತಲೆ ತಗ್ಗಿಸಿರುತ್ತೆ" ಎಂದುಬಿಟ್ಟಿದ್ದ.

"ಏರಿಯವರೇ," ಎಂದರು ಪಾರ್ಜಿಟರ್ ಈಗ, "ಆ ಶೋಕದ ಸಂದೂಕ ಬಹಳ ಬೇಡಿಕೆಯಲ್ಲಿದೆ. ಇನ್ನೆರಡು ಸಿಗುತ್ತಾ?"

"ವಿಧವೆಯರು ಎಲ್ಲಾ ಊರಲ್ಲೂ ಇದ್ದಾರೆ ಸಾಹೇಬ್ರೇ, ಸಂದೂಕ ಹುಟ್ಟೇ ಹುಟ್ಟುತ್ತೆ," ಎಂದ ಲ್ಯಾಂಟಿ.

"ಒಬ್ಬ ವಿಧವೆ ಇಲ್ಲೇ ಇದ್ದೀನಿ," ಎಂದಳು ಡೈನಾ ಮೂಲೆಯಿಂದ, ಹೆಣಿಗೆ ನಿಲ್ಲಿಸದೆ. "ನನ್ನ ಮನೆಯ ಹೂವೆಲ್ಲ ಯಾಕೋ ಮೇಲಕ್ಕೇ ನೋಡ್ತಿವೆ. ನಾನು ಸರಿಯಾಗಿ ಅತ್ತಿಲ್ಲ ಅಂತ ಕಾಣುತ್ತೆ."

ಲ್ಯಾಂಟಿ ಕೆಮ್ಮಿದ. ಪಾರ್ಜಿಟರ್ 'ಹ್ಞೂಂ' ಎಂದು ಒಳಗೆಲ್ಲ ಅಡ್ಡಾಡಿ, ಕಿಟಕಿಯ ಕೆಳಗೆ ಗೋಣಿ ಹೊದಿಸಿಟ್ಟಿದ್ದ ಇನ್ನೊಂದು ಸಂದೂಕದ ಮುಂದೆ ನಿಂತರು. ಲ್ಯಾಂಟಿ ತಡೆಯುವ ಮೊದಲೇ ಗೋಣಿ ಎಳೆದರು.

ಮೂರು ಹಲಗೆಯ ಸಂದೂಕ. ಎಡಬಲಕ್ಕೆ ರೊಟ್ಟಿ ಕಪಾಟಿನ ಸಾದಾ ಬಾಗಿಲುಗಳು. ನಡುವೆ ಇಗರ್ಜಿಯ ಹಲಗೆ: ಒಂದೇ ದ್ರಾಕ್ಷಿಗೊಂಚಲಿಗೆ ಎರಡು ಹಕ್ಕಿಗಳು ಎರಡು ಕಡೆಯಿಂದ ಕೊಕ್ಕು ಹಾಕಿವೆ. ಒಂದು ಹಕ್ಕಿಯ ಕಣ್ಣು ಗೊಂಚಲಿನ ಮೇಲೆ, ಇನ್ನೊಂದರದು ಮೊದಲ ಹಕ್ಕಿಯ ಮೇಲೆ.

ಡೈನಾಳ ಕಡ್ಡಿಗಳ ಸದ್ದು ಅರೆಗಳಿಗೆ ನಿಂತು ಮತ್ತೆ ಶುರುವಾಯಿತು.

"ಇದು... ಅದೂ... ಇನ್ನೂ ಮುಗಿದಿಲ್ಲ," ಎಂದ ಲ್ಯಾಂಟಿ.

"ಮುನ್ನೂರು ವರ್ಷದ ಸಂದೂಕ ಇನ್ನೂ ಮುಗಿದಿಲ್ವೇ?" ಎಂದರು ಪಾರ್ಜಿಟರ್. ಮುಚ್ಚಳ ಎತ್ತಿ, ಭೂತಗನ್ನಡಿ ಸಮೇತ ತಲೆಯನ್ನು ಒಳಗೆ ಹಾಕಿದರು. ಒಳಗಿನಿಂದ ಅವರ ದನಿ ಗುಂಯ್‌ಗುಟ್ಟಿತು. "ಏರಿಯವರೇ! ಇಲ್ಲಿ ಗೀರುಗಳಿವೆ! ಸಾಲು ಸಾಲು! ಯಾರೋ ಚೂಪಾದ್ದರಲ್ಲಿ ಕೊರೆದಿದ್ದಾರೆ. ಒಂದು, ಎರಡು, ಮೂರು..."

"ಎಪ್ಪತ್ತೆಂಟು," ಎಂದ ಲ್ಯಾಂಟಿ, ಯೋಚಿಸದೆ. ಅಂದವನೇ ನಾಲಿಗೆ ಕಚ್ಚಿಕೊಂಡ.

"ಒಂದು ಗೀರಿಗೆ ಮಾತ್ರ ಸುತ್ತ ವೃತ್ತ ಇದೆ. ಏನಿದು?"

ಇಂಥ ಪ್ರಶ್ನೆಗೆ ಉತ್ತರವಿಲ್ಲದೆ ನಿಂತರೆ ಅವನು ಲ್ಯಾಂಟಿ ಏರಿಯೇ ಅಲ್ಲ. "ಸನ್ಯಾಸಿ, ಸಾಹೇಬ್ರೇ," ಎಂದ. "ಹಿಂದೆ ಮಠಗಳನ್ನ ಒಡೆದ ಕಾಲದಲ್ಲಿ ಒಬ್ಬ ಸನ್ಯಾಸಿ ರಾಜನ ಸೈನಿಕರಿಂದ ತಪ್ಪಿಸ್ಕೊಂಡು ಇದರೊಳಗೆ ಅಡಗಿದ್ದ. ದಿನಕ್ಕೊಂದು ಗೀರು ಹಾಕ್ಕೊಂಡ. ಎಪ್ಪತ್ತೆಂಟು ದಿನ."

ಪಾರ್ಜಿಟರ್ ತಲೆ ಹೊರತೆಗೆದು, ನಾಲ್ಕಡಿ ಉದ್ದದ ಸಂದೂಕವನ್ನು ಒಮ್ಮೆ ನೋಡಿದರು. "ಇದರೊಳಗೆ?"

"ಸಣ್ಣ ಸನ್ಯಾಸಿ."

"ಕಾಲು ಎಲ್ಲಿ ಚಾಚ್ತಿದ್ದ, ಲ್ಯಾಂಟಿ?" ಡೈನಾ ಎದ್ದು ಬಂದು ಸಂದೂಕದ ಪಕ್ಕ ನಿಂತಿದ್ದಳು.

"ಚಾಚ್ತಿರ್ಲಿಲ್ಲ. ಅದೇ ಅವನ ತಪಸ್ಸು."

"ಪಾಪ! ಊಟ?"

"ಕೀಲಿತೂತಿನಿಂದ ಗಂಜಿ ಹುಯ್ತಿದ್ರು."

"ಮತ್ತೆ ಆ ಸುತ್ತು? ಅದ್ಯಾವ ದಿನ?"

"ಅವತ್ತು..." ಲ್ಯಾಂಟಿಯ ಹಣೆಯಲ್ಲಿ ಬೆವರು ಮೂಡಿತು, ಆದರೆ ನಾಲಿಗೆ ತನ್ನ ಪಾಡಿಗೆ ಓಡುತ್ತಿತ್ತು. "ಅವತ್ತು ಅವನಿಗೆ ಕುರಿಮಾಂಸದ ಕಡುಬು ಸಿಕ್ಕಿತ್ತು."

"ಕೀಲಿತೂತಿನಿಂದ?" ಎಂದಳು ಡೈನಾ. ಅವಳು ಬಗ್ಗಿ ಸಂದೂಕದೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಲ್ಯಾಂಟಿಗೆ ಓದಲಾಗದ್ದೇನೋ ಇತ್ತು. "ಒಳ್ಳೆ ಕೈ ಇತ್ತು ಸನ್ಯಾಸಿಗೆ. ಎಲ್ಲಾ ಗೀರೂ ಎಡಕ್ಕೆ ವಾಲಿವೆ. ಎಡಗೈಯವನೋ ಏನೋ." ಹೆಣಿಗೆ ಅವಳ ಎಡಗೈಯಲ್ಲಿತ್ತು.

ಪಾರ್ಜಿಟರ್ ಸಾಹೇಬರಿಗೆ ಇದಾವುದೂ ಬೇಕಿರಲಿಲ್ಲ. "ಸನ್ಯಾಸಿಯ ಸಂದೂಕ!" ಎಂದು ಕೈಗವಸು ಕಳಚಿದರು. "ಮೂವತ್ತು ಗಿನಿ."

ಲ್ಯಾಂಟಿ ತಲೆಯಾಡಿಸಿದ.

"ನಲವತ್ತು. ಏರಿಯವರೇ, ನಿಮ್ಮ ಯಾವ ಸಂದೂಕಕ್ಕೂ ನಾನು ಹದಿನೈದರ ಮೇಲೆ ಕೊಟ್ಟಿಲ್ಲ."

"ಆಗಲ್ಲ, ಸಾಹೇಬ್ರೇ."

"ಯಾಕೆ? ಸನ್ಯಾಸಿ ನಿಜವಾದರೆ ಮಾರಿ. ಮಾರೋದಿಲ್ಲ ಅಂದರೆ..." ಭೂತಗನ್ನಡಿ ಲ್ಯಾಂಟಿಯ ಕಡೆ ತಿರುಗಿತು. "ಸನ್ಯಾಸಿ ಇರಲೇ ಇಲ್ಲ ಅಂದ್ಕೋಬೇಕಾಗುತ್ತೆ. ಆಗ ಹೋದ ವರ್ಷದ ವಿಧವೆಯ ಬಗ್ಗೆಯೂ ನಾನು ಯೋಚಿಸಬೇಕಾಗುತ್ತೆ."

ಲ್ಯಾಂಟಿ ಡೈನಾಳ ಕಡೆ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. ಹೆಣಿಗೆಯ ಸಾಲು ಎಣಿಸುತ್ತಿದ್ದಳು. ಅವನ ತಲೆಯಲ್ಲಿ ಏಕಕಾಲಕ್ಕೆ ಏಳು ಕತೆಗಳು ಎದ್ದು ನಿಂತವು: ಶಾಪದ ಕತೆ, ಒಬ್ಬ ಲಾರ್ಡ್ ಮುಂಗಡ ಕೊಟ್ಟ ಕತೆ, ಸನ್ಯಾಸಿಯ ಆತ್ಮ ರಾತ್ರಿ ಕೆಮ್ಮುವ ಕತೆ. ಒಂದನ್ನು ಹಿಡಿದರೆ ಸಾಕಿತ್ತು. ಅವನು ಏಳನ್ನೂ ಬಿಟ್ಟ.

"ಅದು ಮಾರೋಕಿಲ್ಲ," ಎಂದ.

ಅಷ್ಟೇ. ಹಿಂದೆ ಮುಂದೆ ಏನೂ ಇಲ್ಲ. ಕೊಟ್ಟಿಗೆಯ ಹಲಗೆಗಳೆಲ್ಲ ಕಿವಿ ನಿಮಿರಿಸಿದವು. ಮುನ್ನೂರು ವರ್ಷದಲ್ಲಿ ಅವು ಈ ಮನುಷ್ಯನಿಂದ ಇಷ್ಟು ಗಿಡ್ಡ ಮಾತು ಕೇಳಿರಲಿಲ್ಲ.

ಪಾರ್ಜಿಟರ್ ಸ್ವಲ್ಪ ಹೊತ್ತು ಕಾದರು. ಬಾಲ ಬರಲಿಲ್ಲ. 'ಹ್ಞೂಂ' ಎಂದರು, ಮೇಜಿನ ಮೇಲಿನ ಮಂಗಳವಾರದ ಸಂದೂಕವನ್ನು ಹದಿನಾಲ್ಕು ಗಿನಿಗೆ ಗೊತ್ತುಮಾಡಿಕೊಂಡು, "ಒಂದು ಹಲಗೆ ತಲೆಕೆಳಗಾಗಿರಲಿ" ಎಂದು ಹೇಳಿ ಹೊರಟುಹೋದರು.

ಗಾಡಿಯ ಸದ್ದು ತೊರೆ ದಾಟುವವರೆಗೆ ಡೈನಾ ಹೆಣೆಯುತ್ತಲೇ ಇದ್ದಳು. ಆಮೇಲೆ ಸಂದೂಕದ ಮುಚ್ಚಳ ಹಾಕಿ, ಅದರ ಮೇಲೆಯೇ ಕೂತಳು.

"ನಮ್ಮ ದೊಡ್ಡಿಯ ಹಲಗೆ ಇದು. ನನ್ನ ತವರು ಡಾರ್ಗ್ ಮನೆತನದ್ದು. ಗೋಡೆ ಬದಿಯ ಮೂಲೆ, ನಾನು ಕೂರ್ತಿದ್ದ ಜಾಗ."

"ಇರಬಹುದು. ಹಲಗೆಗಳು ಸಾವಿರ..."

"ಲ್ಯಾಂಟಿ. ನೀನು ಎಲ್ಲಾ ಹಲಗೆಗೂ ಒಳಗಡೆ ಹತ್ತರಿ ಹೊಡೀತೀಯ. ನಮ್ಮಪ್ಪನ ಹೆಸರನ್ನೂ ಹೊಡೆದೆ, ಪಾದ್ರಿಯ ಮೇಲಿನ ಪದ್ಯಾನೂ ಹೊಡೆದೆ. ಇದಕ್ಕೊಂದಕ್ಕೆ ಯಾಕೆ ಹೊಡೀಲಿಲ್ಲ?"

ಹತ್ತರಿ ಅಲ್ಲೇ ಕೈಗೆಟಕುವಂತಿತ್ತು. ಲ್ಯಾಂಟಿ ಅದನ್ನು ಎತ್ತಿಕೊಂಡು, ಅದರ ಅಲಗನ್ನು ನೋಡಿ, ಮತ್ತೆ ಇಟ್ಟ.

"ಕೈ ಬರಲಿಲ್ಲ," ಎಂದ. "ಮೂವತ್ತಾರು ವರ್ಷ ಆ ಗೋಡೆಗೆ ಒರಗಿಸಿಟ್ಟಿದ್ದೆ. ಈ ವರ್ಷ ಸಂದೂಕ ಮಾಡ್ದೆ. ನಿನಗೆ ಕೊಡೋಣ ಅಂತ."

"ಗೀರುಗಳ ಸಮೇತ?"

"ಗೀರುಗಳಿಗೋಸ್ಕರಾನೇ ಕಣೇ. ನಾನು ಅಟ್ಟದ ಮೇಲೆ ನಿಂತಿರ್ತಿದ್ದೆ. ಕೆಳಗೆ ನೀನು ಕೂತಿರೋದು ಕಾಣ್ತಿತ್ತು. ಉಪದೇಶ ಶುರುವಾದ ಕೂಡ್ಲೇ ನೀನು ತಲೆ ಎತ್ತಿ ನನ್ನ ನೋಡ್ತಿದ್ದೆ, ಜೇಬಿಂದ ಹೆಣಿಗೆಕಡ್ಡಿ ತೆಗೆದು ಹಲಗೆ ಮೇಲೆ ಒಂದು ಗೀರು ಎಳೀತಿದ್ದೆ. ಪ್ರತಿ ಭಾನುವಾರ. ನೀನು..." ಅರವತ್ತಮೂರರ ಲ್ಯಾಂಟಿ ಕಿವಿಯವರೆಗೂ ಕೆಂಪಾದ. "ನೀನು ನನ್ನ ನೋಡಿದ್ದನ್ನ ಗುರುತು ಹಾಕ್ಕೊಳ್ತಿದ್ದೆ. ಎಪ್ಪತ್ತೆಂಟು ನೋಟ. ನಾನು ಎಷ್ಟೋ ಸಲ ಎಣಿಸಿದ್ದೀನಿ."

ಡೈನಾಳ ಹೆಣಿಗೆ ಮಡಿಲಿಗೆ ಬಿತ್ತು. ಅವಳು ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಹೊಟ್ಟೆಗೆ. ನಗು ಎಷ್ಟು ಜೋರಾಗಿ ಬಂತೆಂದರೆ ಎದುರು ಗುಡ್ಡದ ಮೂರು ಕುರಿಗಳು ಉಣ್ಣೆ ಉದುರಿಸಿಕೊಂಡವು.

"ನೋಟವಂತೆ! ಅಯ್ಯೋ ನನ್ನಪ್ಪಾ! ಸುಳ್ಳು ಕಣೋ ಅವು!"

"ಯಾವುದು ಸುಳ್ಳು?"

"ನಿನ್ನವು! ಪ್ರತಿ ಭಾನುವಾರ ಇಗರ್ಜಿ ಗೇಟಿನ ಹತ್ರ ನೀನು ಒಂದು ಸುಳ್ಳು ಹೇಳ್ತಿದ್ಯಲ್ಲ. ತೊರೆಯಲ್ಲಿ ತಿಮಿಂಗಿಲ ಹಿಡ್ದೆ, ಚಂದ್ರ ನಿಮ್ಮ ಹೊಗೆಗೂಡಲ್ಲಿ ಸಿಕ್ಕಾಕ್ಕೊಂಡಿದ್ದ... ನಂಗೆ ಹನ್ನೆರಡು ವರ್ಷ. ಉಪದೇಶ ಬೇಜಾರು. ವಾರಕ್ಕೊಂದರ ಹಾಗೆ ಲೆಕ್ಕ ಇಟ್ಟೆ. ಎಪ್ಪತ್ತೇಳು ಸುಳ್ಳು!"

ಲ್ಯಾಂಟಿ ನೆಲಕ್ಕೆ ಕುಸಿಯುವ ಮೊದಲು ಕಾಲು ಮುರಿದ ಮುಕ್ಕಾಲಿಯ ಮೇಲೆ ಕೂತ. ಅದು ಅವನನ್ನು ನೆಲಕ್ಕೇ ಇಳಿಸಿತು. ಅಲ್ಲೇ ಕೂತು ಕೇಳಿದ, ಸಣ್ಣ ದನಿಯಲ್ಲಿ. "ಎಪ್ಪತ್ತೆಂಟಲ್ವಾ?"

"ಸುತ್ತು ಹಾಕಿದ್ದು ಸುಳ್ಳಲ್ಲ." ಡೈನಾ ಕಣ್ಣೊರೆಸಿಕೊಂಡಳು. ನಗು ಇನ್ನೂ ಮುಗಿದಿರಲಿಲ್ಲ, ಆದರೆ ದನಿ ಬೇರೆಯಾಗಿತ್ತು. "ಆವತ್ತು ನೀನು ಗೇಟಿನ ಹತ್ರ ಒಬ್ಬನೇ ನಿಂತಿದ್ದೆ. 'ಡೈನಾ, ಯಾರಿಗೂ ಹೇಳ್ಬೇಡ, ನಂಗೆ ಹಾಡೋಕೆ ಬರಲ್ಲ, ಅಟ್ಟದಲ್ಲಿ ಬರೀ ಬಾಯಿ ಆಡಿಸ್ತೀನಿ' ಅಂದೆ. ನಾನು ಯಾರಿಗೂ ಹೇಳಲಿಲ್ಲ. ಗಂಟೆ ಬಾರಿಸಿದ ಕತೆ ನೀನು ಐವತ್ತು ವರ್ಷ ಹೇಳಿದಾಗ್ಲೂ ಹೇಳಲಿಲ್ಲ. ಆ ಹುಡುಗ ಮತ್ತೆ ಯಾವತ್ತಾದ್ರೂ ಬರ್ತಾನೇನೋ ಅಂತ ಕಾದೆ."

"ಮತ್ತೆ ಫಾದರ್ಗಿಲ್‌ನ ಯಾಕೆ ಮಾಡ್ಕೊಂಡೆ?"

"ನೀನೇ ಹೇಳಿದ್ಯಲ್ಲ! ವೈಟ್‌ಹೇವನ್ ಬಂದರಲ್ಲಿ ಹಡಗಿನ ಕಪ್ತಾನನ ಮಗಳು, ಏಳು ಪೆಟ್ಟಿಗೆ ರೇಷ್ಮೆ, ಬೇಸಿಗೆಗೆ ಮದುವೆ ಅಂತ. ನಿನ್ನ ಸುಳ್ಳನ್ನೆಲ್ಲ ಜರಡಿ ಹಿಡಿದವಳು ನಾನು. ಅದೊಂದನ್ನ ನಂಬಿಬಿಟ್ಟೆ."

ಕೊಟ್ಟಿಗೆಯಲ್ಲಿ ಬಿಯರು ಮಸಿಯ ಹುಳಿ ವಾಸನೆ. ಲ್ಯಾಂಟಿ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ.

"ಅಂಥ ಹುಡುಗಿ ಇರಲೇ ಇಲ್ಲ," ಎಂದ. "ವೈಟ್‌ಹೇವನ್ನೇ ನಾನು ನೋಡಿಲ್ಲ."

"ಅದು ನಂಗೆ ಗೊತ್ತಾಗೋಕೆ ಎರಡು ವರ್ಷ ಹಿಡೀತು. ಅಷ್ಟರಲ್ಲಿ ಫಾದರ್ಗಿಲ್‌ನ ಕೋಲು ಸೊಂಟದಲ್ಲಿತ್ತು. ಅವನ ಮೇಲೆ ನಂಗೇನೂ ದೂರಿಲ್ಲ. ಆದ್ರೆ ಈಗ ಆರು ವರ್ಷ ಆಯ್ತು. ಊರೆಲ್ಲ ಹೇಳ್ಕೊಂಡು ತಿರುಗ್ತೀಯ, ಡೈನಾನ ಹತ್ತೊಂಬತ್ತು ಸಲ ಕೇಳಿದ್ದೀನಿ ಅಂತ. ಯಾವಾಗ ಕೇಳ್ದೆ? ಒಂದ್ಸಲ ಬಂದು, ಯಾವ್ದೋ ಡ್ಯೂಕನ ವಿಧವೆ ನಿನ್ನ ಕಾಲು ಹಿಡಿದ್ಳು ಅಂದೆ. ಇನ್ನೊಂದ್ಸಲ, ಆಪಲ್‌ಬಿ ಸಂತೇಲಿ ಕಣಿ ಹೇಳೋಳು ನಿನ್ನ ಕೈ ನೋಡಿ ಮೂರ್ಛೆ ಹೋದ್ಳು ಅಂದೆ. ಕತೆ ಹೇಳಿ ಚಹಾ ಕುಡಿದು ಎದ್ದು ಹೋದೆ. ಸೆಪ್ಟಿಮಸ್ಸು ಅಂಗಡಿ ಕೋಲಾದ್ರೂ ತಂದ. ಇಡೀ ಸೀಮೆಗೆ ಕೆತ್ತನೆಗಾರ ನೀನು. ನಂಗೊಂದು ಗೇಣುದ್ದ ಕೋಲು ಕೆತ್ತೋಕೆ ನಿಂಗೆ ಬಿಡುವಾಗಲಿಲ್ವಾ?"

ಲ್ಯಾಂಟಿ ಗೋಡೆಯ ಮೇಲಿನ ಹನ್ನೆರಡು ಉಳಿಗಳನ್ನು ನೋಡಿದ. ಡೈನಾಳೂ ನೋಡಿದಳು. ಅವುಗಳ ಹಿಡಿಯ ಮೇಲೆ ಒಂದು ಬೆವರಿನ ಕಲೆಯೂ ಇರಲಿಲ್ಲ.

"ನಂಗೆ ಕೆತ್ತೋಕೆ ಬರಲ್ಲ, ಡೈನಾ," ಎಂದ ಲ್ಯಾಂಟಿ.

ಅವಳು ಮಡಿಲಿನ ಹೆಣಿಗೆಯನ್ನು ಪಕ್ಕಕ್ಕಿಟ್ಟಳು.

"ಡ್ಯೂಕೂ ಇಲ್ಲ, ದ್ರಾಕ್ಷೀನೂ ಇಲ್ಲ. ಅಳೀತೀನಿ, ಕೊಯ್ತೀನಿ, ಬೆಸೀತೀನಿ, ಅಷ್ಟೇ. ಒಂದು ಎಲೆ ಕೆತ್ತು ಅಂದ್ರೆ ಉಳಿ ಎಲ್ಲೋ ಹೋಗುತ್ತೆ. ಸತ್ತವರು ಕೆತ್ತಿದ್ದನ್ನ ಜೋಡಿಸಿ ಜೋಡಿಸಿ ಕೆತ್ತನೆಗಾರ ಅನ್ನಿಸ್ಕೊಂಡೆ. ಇಲ್ಲೂ ಬರೀ ಬಾಯಿ ಆಡಿಸೋದೇ. ಅದಕ್ಕೇ ಆಗ್ಲೂ ಕೇಳಲಿಲ್ಲ, ವೈಟ್‌ಹೇವನ್ ಕತೆ ಕಟ್ಟಿದೆ. ಈಗ್ಲೂ ಕೇಳಲಿಲ್ಲ. ಒಂದ್ಸಲಾನೂ ಕೇಳಿಲ್ಲ. ಹತ್ತೊಂಬತ್ತು ಅಂದದ್ದು ಕೋಲಿನ ಲೆಕ್ಕ. ಕೂತು ಕೆತ್ತೋದು, ಕೆಟ್ಟುಹೋಗೋದು, ಒಲೆಗೆ ಹಾಕೋದು. ಬರಿಗೈಲಿ ನಿನ್ನ ಮುಂದೆ ಬಂದು, ಏನ್ ಹೇಳೋದು ಗೊತ್ತಾಗ್ದೆ ಏನೋ ಒಂದು ಕತೆ..."

"ಎಲ್ಲಾನೂ ಒಲೆಗೆ ಹಾಕ್ದ್ಯಾ?"

ಲ್ಯಾಂಟಿ ಎದ್ದು, ಮೇಜಿನ ಕೆಳಗಿನ ಸೆಳೆಖಾನೆಯ ತಳದಿಂದ, ಹಳೆ ಕೀಲುಗಳ ಅಡಿಯಿಂದ, ಬಟ್ಟೆ ಸುತ್ತಿದ್ದೊಂದನ್ನು ತೆಗೆದುಕೊಟ್ಟ. ಗೇಣುದ್ದದ ಓಕ್ ಕೋಲು. ಮೇಲೆ ಎರಡು ಉಬ್ಬು.

"ಇದೇನು, ಟರ್ನಿಪ್ ಗೆಡ್ಡೆಗಳಾ?"

"ಹಕ್ಕಿಗಳು. ಆ ಹಲಗೆ ನೋಡಿ ಮಾಡಿದ್ದು."

"ಮತ್ತೆ ನಡುವೆ ಇರೋದು ದ್ರಾಕ್ಷಿ?"

"ಅದು ಉಳಿ ಜಾರಿದ್ದು."

ಡೈನಾ ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಫಾದರ್ಗಿಲ್‌ನ ಕೋಲನ್ನು ಸೊಂಟದಿಂದ ಬಿಚ್ಚಿ, ಸೆರಗಂಚಿನಂತೆ ಮಡಿಸಿದ ಏಪ್ರನ್ನಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಟರ್ನಿಪ್ ಹಕ್ಕಿಗಳ ಕೋಲನ್ನು ಪಟ್ಟಿಗೆ ಸಿಕ್ಕಿಸಿ, ಕಡ್ಡಿಯ ಬುಡವನ್ನು ಅದರ ತೂತಿಗೆ ಇಳಿಸಿ, ನಾಲ್ಕು ಕುಣಿಕೆ ಹೆಣೆದಳು.

"ತೂತು ಮಾತ್ರ ನೇರವಾಗಿದೆ," ಎಂದಳು.

"ತೂತು ಕೊರೆಯೋಕೆ ಬರುತ್ತೆ."

"ಭಾನುವಾರಕ್ಕೆ ಮುಂಚೆ ಸೆಪ್ಟಿಮಸ್‌ಗೆ ಅವನ ಕೋಲು ವಾಪಸ್ ಕೊಡ್ಬೇಕು. ಏನಂತ ಹೇಳ್ಲಿ? ಅವನಿಗೆ ಸುಳ್ಳು ಹೇಳೋ ಹಾಗಿಲ್ಲ, ಪಾಪ, ಅರಗಲ್ಲ." ಅವಳು ಕಡ್ಡಿಯ ತುದಿಯಿಂದ ಲ್ಯಾಂಟಿಯ ಅಂಗಿಯ ಗುಂಡಿಯನ್ನು ತಿವಿದಳು. "ಇದರ ಹಿಂದೆ ನಿಜವಾಗ್ಲೂ ಹತ್ತೊಂಬತ್ತು ಕೋಲು ಹಾಳಾದ್ವು ಅಂತ ಹೇಳ್ಲಾ?"

ಲ್ಯಾಂಟಿ ಎದೆ ಉಬ್ಬಿಸಿ ಬಾಯಿ ತೆರೆದ. ಡೈನಾ ಅವನನ್ನೇ ನೋಡುತ್ತಿದ್ದಳು, ಅಟ್ಟದ ಕೆಳಗಿನ ಮೂಲೆಯಿಂದ ತಲೆ ಎತ್ತಿ ನೋಡುತ್ತಿದ್ದ ಹಾಗೆಯೇ, ಎಡಗೈಯಲ್ಲಿ ಕಡ್ಡಿ ಹಿಡಿದು.

"ನಾಲ್ಕು," ಎಂದ ಲ್ಯಾಂಟಿ.